ಪೈಲಟ್ ಮಲಗುವುದು ಯಾವಾಗ?

ಪೈಲಟ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಬಿಳಿ ಅಂಗಿ, ಭುಜದ ಮೇಲಿನ ಚಿನ್ನದ ಬಣ್ಣದ ಪಟ್ಟಿಗಳು, ಹಿಂದೆ ಎಳೆದುಕೊಂಡು ಹೋಗುವ ಚಿಕ್ಕ ಸೂಟ್‌ಕೇಸ್ ಮತ್ತು ದೊಡ್ಡ ಸಂಬಳ. ಆ ಸೂಟ್‌ಕೇಸಿನಲ್ಲಿ ಏನಿರುತ್ತದೆ ಎಂದು ನಾವು ಯೋಚಿಸುವುದಿಲ್ಲ. ಅದರಲ್ಲಿ ಎರಡು ಮೂರು ದಿನದ ಬಟ್ಟೆ ಇರುತ್ತದೆ. ಏಕೆಂದರೆ ಅವರು ಅಂದು ರಾತ್ರಿ ಮನೆಗೆ ಬರುವುದಿಲ್ಲ.

2025ರ ಡಿಸೆಂಬರ್ ಮೊದಲ ವಾರ ನಿಮಗೆ ನೆನಪಿರಬಹುದು. ದೇಶದ ಅತಿ ದೊಡ್ಡ ವಿಮಾನ ಕಂಪನಿಯಾದ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಲಿಲ್ಲ. ಬೆಂಗಳೂರಿನಲ್ಲೂ ಜನ ಬ್ಯಾಗಿನ ಮೇಲೆ ತಲೆಯಿಟ್ಟು ನೆಲದಲ್ಲೇ ಮಲಗಿದ್ದರು. ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡುವ ಹೊಸ ನಿಯಮ ಬಂದಿದೆ, ಅದಕ್ಕೇ ಹೀಗಾಗಿದೆ ಎಂದು ಟಿವಿಯಲ್ಲಿ ಪದೇ ಪದೇ ಹೇಳುತ್ತಿದ್ದರು. ನಮ್ಮ ಅಬ್ಬಾ, "ಇಷ್ಟು ಸಂಬಳ ತೆಗೆದುಕೊಳ್ಳುವವರಿಗೆ ಇನ್ನೆಷ್ಟು ರಜೆ ಬೇಕಂತೆ?" ಎಂದರು. ಅಮ್ಮಿ ಕೇಳಿದ್ದು ಬೇರೆ: "ಉನೋ ಸೋತೇ ಕಬ್?" ಅಂದರೆ ಅವರು ಮಲಗುವುದು ಯಾವಾಗ? ಅಬ್ಬಾನ ಮಾತಿಗೂ ಅಮ್ಮಿಯ ಪ್ರಶ್ನೆಗೂ ಉತ್ತರ ಹುಡುಕಲು ಹೋಗಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಸಾವಿರ ಗಂಟೆಯ ಲೆಕ್ಕ

ನಮ್ಮ ದೇಶದಲ್ಲಿ ಪೈಲಟ್‌ಗಳ ಕೆಲಸದ ಅವಧಿಯನ್ನು ನಿಗದಿ ಮಾಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಅದರ ನಿಯಮದ ಪ್ರಕಾರ ಒಬ್ಬ ಪೈಲಟ್ 365 ದಿನಗಳಲ್ಲಿ 1000 ಗಂಟೆಗಿಂತ ಹೆಚ್ಚು ಹಾರಾಟ ಮಾಡುವಂತಿಲ್ಲ. ಯಾವುದೇ 7 ದಿನಗಳಲ್ಲಿ 35 ಗಂಟೆ ಮೀರುವಂತಿಲ್ಲ.

ಇದನ್ನು ಓದಿದಾಗ ಮೊದಲು ನನಗೂ ಆಶ್ಚರ್ಯವಾಯಿತು. ಸಾವಿರವನ್ನು 365ರಿಂದ ಭಾಗಿಸಿದರೆ ದಿನಕ್ಕೆ ಮೂರು ಗಂಟೆಯೂ ಆಗುವುದಿಲ್ಲ. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ಕೆಲಸ ಮಾಡುವವರಿಗೆ 2400 ಗಂಟೆಯಾಗುತ್ತದೆ. ಹಾಗಾದರೆ ಪೈಲಟ್‌ಗಳದು ಅರ್ಧ ಕೆಲಸವೇ?

ಲೆಕ್ಕಪತ್ರ ಓದುವವರಿಗೆ ಒಂದು ವಿಷಯ ಗೊತ್ತು. ಒಂದು ಅಂಕಿಯನ್ನು ನೋಡಿದಾಗ ಅದರಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂದು ಮೊದಲು ಕೇಳಬೇಕು. ಹಾರಾಟದ ಗಂಟೆ ಎಂದರೆ ವಿಮಾನ ಹಾರಾಟಕ್ಕಾಗಿ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇಳಿದು ಮತ್ತೆ ನಿಲ್ಲುವ ಕ್ಷಣದವರೆಗಿನ ಸಮಯ ಮಾತ್ರ. ಉಳಿದದ್ದು ಆ 1000 ಗಂಟೆಯೊಳಗೆ ಬರುವುದಿಲ್ಲ.

ಒಂದು ಉದಾಹರಣೆ ಹಾಕಿಕೊಳ್ಳೋಣ. ಬೆಂಗಳೂರಿನ ಒಬ್ಬ ಪೈಲಟ್‌ಗೆ ಬೆಳಿಗ್ಗೆ 5.30ಕ್ಕೆ ದೆಹಲಿ ವಿಮಾನ ಇದೆ ಎಂದುಕೊಳ್ಳಿ. ಸುಮಾರು ಒಂದು ಗಂಟೆ ಮೊದಲು, 4.30ಕ್ಕೆ, ಅವರು ಹಾಜರಿ ಹಾಕಬೇಕು. ಹವಾಮಾನ ನೋಡಬೇಕು, ಇಂಧನ ಎಷ್ಟು ಬೇಕೆಂದು ತೀರ್ಮಾನಿಸಬೇಕು, ವಿಮಾನವನ್ನು ಪರೀಕ್ಷಿಸಬೇಕು. ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯ ಹತ್ತಿರ. ಜಯನಗರದ ಕಡೆ ಮನೆಯಿದ್ದರೆ 3 ಗಂಟೆಗೆ ಕಾರು ಹತ್ತಬೇಕು. ಅಂದರೆ ಏಳುವುದು 2 ಗಂಟೆಗೆ. ವಿಮಾನ 8.15ಕ್ಕೆ ದೆಹಲಿ ತಲುಪುತ್ತದೆ. ಅಲ್ಲಿಂದ 9.15ಕ್ಕೆ ಹೊರಟು 11.45ಕ್ಕೆ ಗುವಾಹಟಿ ಸೇರುತ್ತದೆ. ಹೋಟೆಲ್ ಕೋಣೆಯ ಬಾಗಿಲು ತೆಗೆಯುವಾಗ ಮಧ್ಯಾಹ್ನ 1 ಗಂಟೆ.

ಈಗ ಲೆಕ್ಕ ಹಾಕಿ. ಹಾರಾಟದ ಅವಧಿ 5 ಗಂಟೆ 15 ನಿಮಿಷ. ಹಾಜರಿ ಹಾಕಿದಾಗಿನಿಂದ ಕೊನೆಯ ವಿಮಾನ ನಿಲ್ಲುವವರೆಗಿನ ಕರ್ತವ್ಯದ ಅವಧಿ 7 ಗಂಟೆ 15 ನಿಮಿಷ. ಮನೆಯಿಂದ ಹೊರಟು ಹೋಟೆಲ್ ಸೇರುವವರೆಗೆ 10 ಗಂಟೆ. ಮನೆಯವರ ಲೆಕ್ಕದಲ್ಲಂತೂ ಅದು ಇನ್ನೂ ಮುಗಿದಿಲ್ಲ, ಏಕೆಂದರೆ ಅವರು ಗುವಾಹಟಿಯಲ್ಲಿದ್ದಾರೆ. ಮಾರನೆಯ ದಿನ ಅಲ್ಲಿಂದ ಕೋಲ್ಕತ್ತ, ಇನ್ನೊಂದು ದಿನ ಮುಂಬೈ, ಮೂರನೇ ಅಥವಾ ನಾಲ್ಕನೇ ದಿನ ಬೆಂಗಳೂರು. ಒಂದೇ ಕೆಲಸಕ್ಕೆ ನಾಲ್ಕು ರೀತಿಯ ಗಂಟೆಗಳಿವೆ. ಹೊರಗಿನವರಿಗೆ ಕಾಣುವುದು ಎಲ್ಲಕ್ಕಿಂತ ಚಿಕ್ಕದು.

ಇದಲ್ಲದೆ ಸ್ಟ್ಯಾಂಡ್‌ಬೈ ಎಂಬುದೊಂದಿದೆ. ಯಾರಾದರೂ ಪೈಲಟ್‌ಗೆ ಹುಷಾರಿಲ್ಲದಿದ್ದರೆ ಕರೆಯಲು ಕೆಲವರನ್ನು ಕಾಯ್ದಿರಿಸುತ್ತಾರೆ. ಅವರು ಸಮವಸ್ತ್ರ ಇಸ್ತ್ರಿ ಮಾಡಿಟ್ಟುಕೊಂಡು, ಫೋನ್ ಹತ್ತಿರ ಇಟ್ಟುಕೊಂಡು ಕಾಯಬೇಕು. ಫೋನ್ ಬರದೇ ಇರಬಹುದು. ಆದರೆ ಆ ದಿನ ಮದುವೆಗೂ ಹೋಗುವಂತಿಲ್ಲ, ನಿಶ್ಚಿಂತೆಯಾಗಿ ಮಲಗುವಂತೆಯೂ ಇಲ್ಲ.

ಬೆಳಗಿನ ಜಾವ ಎರಡರಿಂದ ಆರು

ಗಂಟೆಗಳ ಸಂಖ್ಯೆಗಿಂತ ದೊಡ್ಡ ವಿಷಯ, ಆ ಗಂಟೆಗಳು ದಿನದ ಯಾವ ಹೊತ್ತಿನಲ್ಲಿ ಬರುತ್ತವೆ ಎಂಬುದು. ನಮ್ಮ ದೇಹದೊಳಗೆ ಒಂದು ಗಡಿಯಾರವಿದೆ. ಬೆಳಗಿನ ಜಾವ 2ರಿಂದ 6ರವರೆಗೆ ದೇಹದ ಉಷ್ಣತೆ ಇಳಿದಿರುತ್ತದೆ, ನಿದ್ದೆಯ ಎಳೆತ ಹೆಚ್ಚಿರುತ್ತದೆ, ಎಚ್ಚರ ಅತಿ ಕಡಿಮೆ ಇರುತ್ತದೆ. ವಿಮಾನಯಾನದ ನಿಯಮಗಳಲ್ಲಿ ಈ ನಾಲ್ಕು ಗಂಟೆಗಳನ್ನು ಬೇರೆಯಾಗಿಯೇ ಗುರುತಿಸಿದ್ದಾರೆ.

ಇದು ನಮಗೆ ಹೊಸದೇನಲ್ಲ. ರಂಜಾನ್ ತಿಂಗಳಲ್ಲಿ ಸೆಹರಿಗೆ ಎದ್ದು, ಫಜರ್ ನಮಾಜ್ ಮುಗಿಸಿ, ಮತ್ತೆ ಮಲಗದೆ ಬಂದು ಮೊದಲ ಪೀರಿಯಡ್‌ನಲ್ಲಿ ಕೂತವರಿಗೆ ಗೊತ್ತು. ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಅಂಕಿ ಕಣ್ಣಿಗೆ ಕಾಣುತ್ತದೆ, ಆದರೆ ತಲೆಗೆ ಹೋಗುವುದಿಲ್ಲ. ಡೆಬಿಟ್ ಬರೆಯಬೇಕಾದಲ್ಲಿ ಕ್ರೆಡಿಟ್ ಬರೆದಿರುತ್ತೇವೆ. ನಮ್ಮ ತಪ್ಪನ್ನು ರಬ್ಬರಿನಿಂದ ಅಳಿಸಬಹುದು. ಪೈಲಟ್ ಅದೇ ಹೊತ್ತಿನಲ್ಲಿ ನೂರಾರು ಜನರನ್ನು ಕೂರಿಸಿಕೊಂಡು ವಿಮಾನ ಇಳಿಸುತ್ತಿರುತ್ತಾರೆ.

"ಹಗಲು ಮಲಗಿಕೊಂಡರೆ ಆಯಿತಲ್ಲ" ಎಂದು ಕೆಲವರು ಕೇಳಬಹುದು. ಹಗಲಿನ ನಿದ್ದೆ ಸಾಮಾನ್ಯವಾಗಿ ರಾತ್ರಿಯ ನಿದ್ದೆಯಷ್ಟು ಉದ್ದವೂ ಇರುವುದಿಲ್ಲ, ಆಳವೂ ಇರುವುದಿಲ್ಲ. ಅದರಲ್ಲೂ ಒಂದು ದಿನ ಬೆಳಗಿನ ಜಾವದ ಕೆಲಸ, ಎರಡು ದಿನ ಬಿಟ್ಟು ನಡುರಾತ್ರಿಯ ಕೆಲಸ ಎಂದು ಬದಲಾಗುತ್ತಿದ್ದರೆ ದೇಹ ಯಾವುದಕ್ಕೂ ಹೊಂದಿಕೊಳ್ಳುವುದಿಲ್ಲ.

ದೂರದ ದೇಶಗಳಿಗೆ ಹಾರುವವರ ಕಷ್ಟ ಇನ್ನೊಂದು ಬಗೆಯದು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನ ಆರಂಭಿಸಿತು. ಆ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ, ಮಹಿಳೆಯರೇ ಇದ್ದ ತಂಡ ಹಾರಿಸಿತು. ನಮ್ಮ ಕಾಲೇಜಿನ ಹುಡುಗಿಯರು ಇದನ್ನು ಗಮನಿಸಬೇಕು. ಸುಮಾರು 17 ಗಂಟೆಯ ಹಾರಾಟ. ಇಷ್ಟು ದೂರದ ವಿಮಾನಕ್ಕೆ ಇಬ್ಬರು ಪೈಲಟ್ ಸಾಲುವುದಿಲ್ಲ, ನಾಲ್ವರು ಬೇಕು. ಇಬ್ಬರು ಹಾರಿಸುವಾಗ ಉಳಿದ ಇಬ್ಬರು ವಿಮಾನದೊಳಗೇ ಇರುವ ಚಿಕ್ಕ ಮಲಗುವ ಜಾಗದಲ್ಲಿ ಸರದಿಯಂತೆ ವಿಶ್ರಾಂತಿ ಪಡೆಯುತ್ತಾರೆ. ಚಳಿಗಾಲದಲ್ಲಿ ಎರಡು ಊರುಗಳ ನಡುವೆ ಹದಿಮೂರೂವರೆ ಗಂಟೆಯ ವ್ಯತ್ಯಾಸ. ಅಲ್ಲಿ ಇಳಿದಾಗ ಊರಿಗೆ ಹಗಲು, ದೇಹಕ್ಕೆ ರಾತ್ರಿ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತದೆ. ಅದು ಹೊಂದಿಕೊಳ್ಳುವ ಮೊದಲೇ ಮರಳಿ ಹೊರಡುವ ದಿನ ಬಂದಿರುತ್ತದೆ.

ಮಂಗಳೂರು, 2010

ಪೈಲಟ್‌ನ ನಿದ್ದೆ ನಮ್ಮ ವಿಷಯವೂ ಹೌದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದುಃಖದ ಉದಾಹರಣೆ ಇದೆ. 2010ರ ಮೇ 22ರ ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಬಿತ್ತು. ವಿಮಾನದಲ್ಲಿದ್ದ 166 ಜನರಲ್ಲಿ 158 ಜನ ತೀರಿಕೊಂಡರು. ಉಳಿದವರು ಎಂಟೇ ಜನ. ಗಲ್ಫ್‌ನಲ್ಲಿ ದುಡಿದು ಊರಿಗೆ ಬರುತ್ತಿದ್ದವರು, ಹೆಂಗಸರು, ಮಕ್ಕಳು ಅದರಲ್ಲಿದ್ದರು.

ಆಗ ನಮ್ಮಲ್ಲಿ ಹೆಚ್ಚಿನವರು ಕೈಗೂಸುಗಳು ಅಥವಾ ಹುಟ್ಟಿಯೂ ಇರಲಿಲ್ಲ. ಆದರೆ ತನಿಖಾ ವರದಿ ಹೇಳಿದ್ದನ್ನು ನಾವು ತಿಳಿದಿರಬೇಕು. ಆ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ, ಅದೇ ರಾತ್ರಿ ಮರಳುತ್ತಿದ್ದರು. ಮರಳುವ ಹಾದಿಯಲ್ಲಿ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಮಾಡಿದ್ದರು ಎಂದು ಕಾಕ್‌ಪಿಟ್‌ನ ಧ್ವನಿಮುದ್ರಣದಿಂದ ತಿಳಿದುಬಂತು. ವಿಮಾನ ಇರಬೇಕಾದ ಎತ್ತರಕ್ಕಿಂತ ಮೇಲಿತ್ತು. ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಹೇಳಿದರು, ಯಂತ್ರಗಳೂ ಎಚ್ಚರಿಸಿದವು. ಆದರೂ ಕ್ಯಾಪ್ಟನ್ ಇಳಿಸಲು ಮುಂದಾದರು. ಅಪಘಾತಕ್ಕೆ ನೇರ ಕಾರಣ ಇದೇ ಎಂದ ವರದಿ, ಆ ದೀರ್ಘ ನಿದ್ದೆಯಿಂದ ಎದ್ದ ಮಂಪರು ಅವರ ತೀರ್ಮಾನಶಕ್ತಿಯನ್ನು ಕುಂದಿಸಿರಬಹುದು ಎಂದು ಗುರುತಿಸಿತು. ಅದೂ ಬೆಳಗಿನ ಜಾವದ ಅದೇ ಎರಡರಿಂದ ಆರರ ಹೊತ್ತು.

ಗಾಢ ನಿದ್ದೆಯಿಂದ ಎದ್ದ ತಕ್ಷಣ ಮಿದುಳು ಪೂರ್ತಿ ಎದ್ದಿರುವುದಿಲ್ಲ. ಕೆಲವು ನಿಮಿಷದಿಂದ ಅರ್ಧ ಗಂಟೆಯವರೆಗೂ ಆ ಮಂಪರು ಉಳಿಯುತ್ತದೆ. ಹಲವು ದೇಶಗಳಲ್ಲಿ ಕಾಕ್‌ಪಿಟ್‌ನಲ್ಲಿ ಸರದಿಯಂತೆ ಚಿಕ್ಕ ನಿದ್ದೆ ಮಾಡಲು ನಿಯಮದಲ್ಲೇ ಅವಕಾಶವಿದೆ. ಆದರೆ ಅದರ ಅವಧಿ ಕಡಿಮೆ, ಎದ್ದ ಮೇಲೆ ಸ್ವಲ್ಪ ಹೊತ್ತು ಬಿಟ್ಟೇ ಕೆಲಸಕ್ಕೆ ಕೈಹಾಕಬೇಕು. ತೀರಿಹೋದ ಒಬ್ಬರ ಮೇಲೆ ತೀರ್ಪು ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಅಷ್ಟು ವರ್ಷದ ಅನುಭವ ಇದ್ದವರನ್ನೂ ನಿದ್ದೆ ಬಿಡುವುದಿಲ್ಲ ಎಂಬುದಕ್ಕೆ ಬರೆಯುತ್ತಿದ್ದೇನೆ.

ರಾತ್ರಿ ಹೊತ್ತು ಏಕೆ ಹಾರಬೇಕು?

ಇದಕ್ಕೆ ಉತ್ತರ ನಮ್ಮ ವಾಣಿಜ್ಯ ಪುಸ್ತಕದಲ್ಲೇ ಇದೆ. ನಮ್ಮ ದೇಶದ ವಿಮಾನ ಕಂಪನಿಗಳು ಹಾರಿಸುವ ವಿಮಾನಗಳಲ್ಲಿ ಹೆಚ್ಚಿನವು ಬಾಡಿಗೆಯವು. ವಿಮಾನ ಹಾರಿದರೂ ನಿಂತರೂ ತಿಂಗಳ ಬಾಡಿಗೆ ಕಟ್ಟಲೇಬೇಕು. ಇದು ಸ್ಥಿರ ವೆಚ್ಚ. ದಿನಕ್ಕೆ ಹೆಚ್ಚು ಗಂಟೆ ಹಾರಿದಷ್ಟೂ ಆ ವೆಚ್ಚ ಹೆಚ್ಚು ಟಿಕೆಟ್‌ಗಳ ಮೇಲೆ ಹಂಚಿಹೋಗುತ್ತದೆ, ಒಂದೊಂದು ಟಿಕೆಟ್ ಅಗ್ಗವಾಗುತ್ತದೆ. ಆದ್ದರಿಂದ ವಿಮಾನವನ್ನು ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ಓಡಿಸುತ್ತಲೇ ಇರುತ್ತಾರೆ.

ಇದರಲ್ಲಿ ನಮ್ಮ ಪಾಲೂ ಇದೆ. ನಮ್ಮ ಮಾಮೂ ಸೌದಿಯಿಂದ ಬರುವಾಗ ಮನೆಯವರೆಲ್ಲ ಕೂತು ಹುಡುಕುವುದು ಅತಿ ಅಗ್ಗದ ಟಿಕೆಟ್. ಅದು ಬಹಳ ಸಲ ನಡುರಾತ್ರಿಯ ವಿಮಾನವೇ ಆಗಿರುತ್ತದೆ. ಯಂತ್ರ ಇಪ್ಪತ್ತು ಗಂಟೆ ಓಡಬಲ್ಲದು. ಅದನ್ನು ಓಡಿಸುವ ಮನುಷ್ಯ ಅಷ್ಟು ಓಡಲಾರ. ಹಾಗಾಗಿ ಒಂದು ವಿಮಾನಕ್ಕೆ ಎಷ್ಟು ಜೊತೆ ಪೈಲಟ್‌ಗಳನ್ನು ಇಟ್ಟುಕೊಳ್ಳಬೇಕು ಎಂಬುದೇ ಕಂಪನಿಯ ದೊಡ್ಡ ಲೆಕ್ಕ. ಕಡಿಮೆ ಇಟ್ಟುಕೊಂಡರೆ ಖರ್ಚು ಉಳಿಯುತ್ತದೆ, ಆದರೆ ಇರುವವರು ಮಿತಿಯ ಅಂಚಿನವರೆಗೆ ದುಡಿಯಬೇಕಾಗುತ್ತದೆ.

ನಿಯಮ ಬದಲಾದ ಬಗೆ

2024ರ ಜನವರಿಯಲ್ಲಿ ಡಿಜಿಸಿಎ ಹೊಸ ನಿಯಮಗಳನ್ನು ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಎಂದರೆ ಹನ್ನೆರಡರಿಂದ ಐದು ಎಂದಿದ್ದದ್ದು ಹನ್ನೆರಡರಿಂದ ಆರು ಎಂದಾಯಿತು. ರಾತ್ರಿ ಪಾಳಿಯಲ್ಲಿ ಆರು ಸಲ ವಿಮಾನ ಇಳಿಸಲು ಇದ್ದ ಅವಕಾಶ ಎರಡಕ್ಕೆ ಇಳಿಯಿತು. ಪೈಲಟ್‌ಗಳ ದಣಿವಿನ ಬಗ್ಗೆ ಕಂಪನಿಗಳು ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು ಎಂದಾಯಿತು.

12 ಗಂಟೆ ಹೆಚ್ಚಾದರೆ ಏನು ಮಹಾ ಎನಿಸಬಹುದು. ಶುಕ್ರವಾರ ರಾತ್ರಿ 9ಕ್ಕೆ ಕೆಲಸ ಮುಗಿಸಿದವರ 36 ಗಂಟೆ ಭಾನುವಾರ ಬೆಳಿಗ್ಗೆ 9ಕ್ಕೆ ಮುಗಿಯುತ್ತದೆ. 48 ಗಂಟೆ ಭಾನುವಾರ ರಾತ್ರಿ 9ಕ್ಕೆ ಮುಗಿಯುತ್ತದೆ. ಮಕ್ಕಳ ಜೊತೆ ಒಂದು ಇಡೀ ಭಾನುವಾರ ಸಿಗುವುದು ಆ 12 ಗಂಟೆಯಲ್ಲಿ.

ಈ ನಿಯಮಗಳು 2024ರ ಜೂನ್ 1ರಿಂದ ಜಾರಿಯಾಗಬೇಕಿತ್ತು. ಕಂಪನಿಗಳು ಇನ್ನೂ ಸಮಯ ಬೇಕೆಂದವು, ಜಾರಿ ಮುಂದಕ್ಕೆ ಹೋಯಿತು, ವಿಷಯ ದೆಹಲಿ ಹೈಕೋರ್ಟಿನ ಮುಂದೆಯೂ ಬಂತು. ಕೊನೆಗೆ ಎರಡು ಹಂತಗಳಲ್ಲಿ, 2025ರ ಜುಲೈ 1ರಿಂದ ವಾರದ ವಿಶ್ರಾಂತಿ ಸೇರಿದಂತೆ ಹಲವು ನಿಯಮಗಳು, ನವೆಂಬರ್ 1ರಿಂದ ರಾತ್ರಿ ಹಾರಾಟದ ನಿಯಮಗಳು ಜಾರಿಯಾದವು. ಡಿಸೆಂಬರ್ ಹೊತ್ತಿಗೆ ಇಂಡಿಗೋದ ವೇಳಾಪಟ್ಟಿಗೆ ಪೈಲಟ್‌ಗಳು ಸಾಲದಾದರು. ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಹಾರಾಟ ನಡೆಸುವ ಕಂಪನಿ ಅದು. ಒಂದು ವಿಮಾನ ನಿಂತರೆ ಅದರ ಸಿಬ್ಬಂದಿ ಹಾರಿಸಬೇಕಿದ್ದ ಮುಂದಿನ ವಿಮಾನವೂ ನಿಲ್ಲುತ್ತದೆ. ಕೊನೆಗೆ ಡಿಜಿಸಿಎ ಕೆಲವು ನಿಯಮಗಳಿಂದ ಕಂಪನಿಗೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು.

ಪೈಲಟ್‌ಗಳನ್ನು ಒಂದೇ ವಾರದಲ್ಲಿ ನೇಮಿಸಿಕೊಳ್ಳಲೂ ಆಗುವುದಿಲ್ಲ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಾಟದ ಅನುಭವ ಬೇಕು. ನಂತರ ಆಯಾ ಮಾದರಿಯ ವಿಮಾನಕ್ಕೆ ಬೇರೆ ತರಬೇತಿ, ಆಮೇಲೆ ಅನುಭವಿಗಳ ಪಕ್ಕದಲ್ಲಿ ಕೂತು ಕಲಿಯುವ ಅವಧಿ. ಇದಕ್ಕೆಲ್ಲ ತಿಂಗಳುಗಳು ಬೇಕು. ನಿಯಮ ಬರುತ್ತದೆ ಎಂದು ಸುಮಾರು ಎರಡು ವರ್ಷ ಮೊದಲೇ ಗೊತ್ತಿತ್ತು. ಆದ್ದರಿಂದ ಅಬ್ಬಾನ ಮಾತಿಗೆ ನನ್ನ ಉತ್ತರ ಇಷ್ಟೇ: ಪೈಲಟ್‌ಗಳು ರಜೆ ಕೇಳಿದ್ದರಿಂದ ವಿಮಾನ ನಿಲ್ಲಲಿಲ್ಲ, ಬೇಕಾದಷ್ಟು ಜನರನ್ನು ಮೊದಲೇ ಸಿದ್ಧಮಾಡಿಕೊಳ್ಳದೆ ಇದ್ದದ್ದರಿಂದ ನಿಂತಿತು.

ಮನೆಯವರ ಪಾಲು

ಪೈಲಟ್‌ನ ತಿಂಗಳು ನಡೆಯುವುದು ರೋಸ್ಟರ್ ಪ್ರಕಾರ. ಯಾವ ದಿನ ಯಾವ ಊರು ಎಂದು ಕಂಪನಿ ಮೊದಲೇ ಪಟ್ಟಿ ಕೊಡುತ್ತದೆ. ಮಂಜು ಕವಿದರೆ, ವಿಮಾನ ಕೆಟ್ಟರೆ, ಯಾರಿಗಾದರೂ ಜ್ವರ ಬಂದರೆ ಆ ಪಟ್ಟಿಯೂ ಬದಲಾಗುತ್ತದೆ. ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಬರುತ್ತೇನೆ ಎಂದು ಮಾತು ಕೊಡುವುದು ಅವರಿಗೆ ಕಷ್ಟ.

ನಮ್ಮ ಹಬ್ಬದ ವಿಷಯವನ್ನೇ ತೆಗೆದುಕೊಳ್ಳಿ. ರಜೆಗೆ ವಾರಗಳ ಮೊದಲೇ ಅರ್ಜಿ ಹಾಕಬೇಕು. ಆದರೆ ಈದುಲ್ ಫಿತರ್ ಇಂದೋ ನಾಳೆಯೋ ಎಂದು ತಿಳಿಯುವುದು ಹಿಂದಿನ ಸಂಜೆ ಚಂದ್ರ ಕಂಡ ಮೇಲೆ. ಒಂದು ದಿನ ರಜೆ ಪಡೆದ ಪೈಲಟ್‌ಗೆ ಆ ದಿನವೇ ಈದ್ ಬರುತ್ತದೆ ಎಂಬ ಖಾತ್ರಿಯಿಲ್ಲ. ಶೀರ್‌ಖುರ್ಮಾದ ಬಟ್ಟಲನ್ನು ವಿಡಿಯೋ ಕರೆಯಲ್ಲಿ ನೋಡಬೇಕಾಗಬಹುದು.

ಪ್ರಯಾಣದಲ್ಲಿರುವವರಿಗೆ ನಮ್ಮ ದೀನ್ ರಿಯಾಯಿತಿ ಕೊಟ್ಟಿದೆ. ಮುಸಾಫಿರ್ ನಾಲ್ಕು ರಕಾತ್‌ನ ಫರ್ಜ್ ನಮಾಜನ್ನು ಎರಡಕ್ಕೆ ಕಸರ್ ಮಾಡುತ್ತಾನೆ, ರೋಜಾವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಬಹುದು. ಪ್ರಯಾಣವೇ ಒಂದು ಕಷ್ಟ ಎಂದು ಒಪ್ಪಿಕೊಂಡ ಮೇಲೆ ಬಂದ ಅನುಕೂಲ ಇದು. ನಾವು ವರ್ಷಕ್ಕೆ ಒಂದೆರಡು ಸಲ ಮುಸಾಫಿರ್ ಆಗುತ್ತೇವೆ. ಪೈಲಟ್‌ಗಳು ತಿಂಗಳಲ್ಲಿ ಎಷ್ಟೋ ದಿನ ಹಾಗೇ ಇರುತ್ತಾರೆ.

ಮನೆ ಒಂದೂರಿನಲ್ಲಿ, ಕೆಲಸ ಆರಂಭವಾಗುವ ಬೇಸ್ ಇನ್ನೊಂದೂರಿನಲ್ಲಿ ಇದ್ದರೆ ಕಷ್ಟ ಇನ್ನೂ ಹೆಚ್ಚು. ಹುಬ್ಬಳ್ಳಿಯಲ್ಲಿ ತಂದೆತಾಯಿ ಇದ್ದು, ದೆಹಲಿ ಬೇಸ್ ಸಿಕ್ಕವರಿಗೆ ವಾರದ ವಿಶ್ರಾಂತಿಯಲ್ಲಿ ಅರ್ಧ ದಾರಿಯಲ್ಲೇ ಕಳೆಯುತ್ತದೆ. ಅಥವಾ ಅವರು ಊರಿಗೆ ಬರುವುದನ್ನೇ ಬಿಡುತ್ತಾರೆ. ಕಾಗದದ ಮೇಲೆ ಅದೂ ವಿಶ್ರಾಂತಿಯೇ.

ನಮ್ಮಲ್ಲಿ ಪೈಲಟ್ ಆಗಬೇಕೆಂದು ಆಸೆ ಇರುವವರು ಇದ್ದಾರೆ. ಆಸೆ ಬಿಡಿ ಎಂದು ನಾನು ಹೇಳುವುದಿಲ್ಲ. ತರಬೇತಿಯ ಶುಲ್ಕ, ಸಂಬಳ ಎಷ್ಟು ಎಂದು ಕೇಳುವಾಗಲೇ ತಿಂಗಳಲ್ಲಿ ಎಷ್ಟು ರಾತ್ರಿ ಮನೆಯಲ್ಲಿ ಮಲಗುತ್ತೀರಿ ಎಂದೂ ಆ ಕೆಲಸದಲ್ಲಿರುವವರನ್ನು ಕೇಳಿ. ಮನೆಯವರನ್ನೂ ಆ ಮಾತುಕತೆಗೆ ಕೂರಿಸಿಕೊಳ್ಳಿ, ಆ ರಾತ್ರಿಗಳಲ್ಲಿ ಅವರ ಪಾಲೂ ಇದೆ.

ಪ್ರಯಾಣಿಕರಾಗಿ ಹೋಗುವ ಉಳಿದವರಿಗೆ ಒಂದು ಮಾತು. ಸಿಬ್ಬಂದಿಯ ಕರ್ತವ್ಯದ ಅವಧಿ ಮುಗಿಯಿತು, ವಿಮಾನ ತಡವಾಗುತ್ತದೆ ಎಂದು ಘೋಷಿಸಿದಾಗ ಸಿಟ್ಟು ಬರುವುದು ಸಹಜ. ಬೇರೆ ಪೈಲಟ್ ಏಕೆ ಸಿದ್ಧವಿಲ್ಲ ಎಂದು ಕಂಪನಿಯನ್ನು ಕೇಳುವ ಹಕ್ಕು ನಮಗಿದೆ, ಕೇಳೋಣ. ಆದರೆ ದಣಿದಿದ್ದೇನೆ, ಇನ್ನು ಹಾರಿಸಲಾರೆ ಎಂದ ಪೈಲಟ್ ಮೇಲೆ ಕೂಗುವುದು ಬೇಡ. ಅವರು ಹಾಗೆ ಹೇಳುವುದು ನಮ್ಮ ಸುರಕ್ಷತೆಗಾಗಿಯೂ ಹೌದು.